ಶುಕ್ರವಾರದ ತಲೆನೋವು

ನಮ್ಮ ಮದ್ರಸದ ಮೂರನೇ ತರಗತಿಯ ಮಕ್ಕಳಿಗೆ ನನ್ನ ತಲೆನೋವು ನನಗಿಂತ ಮೊದಲೇ ಗೊತ್ತಾಗುತ್ತಿತ್ತು. ಬೆಳಿಗ್ಗೆ ಏಳು ಗಂಟೆಗೆ ಪಾಠ ಶುರು. ಏಳೂಕಾಲರ ಹೊತ್ತಿಗೆ ನಾನು ನಾಲ್ಕನೇ ಸಲ ಆಕಳಿಸಿದರೆ ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. "ಇವತ್ತು ಉಸ್ತಾದರಿಗೆ ತಲೆನೋವು ಬರ್ಲಿಕ್ಕುಂಟು, ಸದ್ದು ಮಾಡ್ಬೇಡಿ" ಎಂದು ಒಬ್ಬ ಪಕ್ಕದವನಿಗೆ ಪಿಸುಗುಟ್ಟಿದ್ದನ್ನು ಒಂದು ದಿನ ನಾನೇ ಕೇಳಿಸಿಕೊಂಡೆ. ನನಗೆ ನಗು ಬಂತು. ಎಂಟು ಗಂಟೆಗೆ ಬಲಗಣ್ಣಿನ ಹಿಂದೆ ಸಿಡಿಯಲು ಶುರುವಾದಾಗ ನಗು ಹೋಯಿತು.

ಮಕ್ಕಳು ನನ್ನ ಮುಖ ಓದಲು ಕಲಿತದ್ದು ಪ್ರೀತಿಯಿಂದ ಅಲ್ಲ, ಹೆದರಿಕೆಯಿಂದ. ಅದನ್ನು ಹೇಳದೆ ಮುಂದಿನದ್ದನ್ನು ಬರೆದರೆ ಮೋಸವಾಗುತ್ತದೆ.

ಅದಕ್ಕೆ ಕೆಲವು ತಿಂಗಳ ಮೊದಲಿನ ಮಾತು. ನೋವು ಜೋರಾಗಿದ್ದ ಒಂದು ದಿನ ಒಬ್ಬ ಹುಡುಗನ ಸ್ಟೀಲಿನ ನೀರಿನ ಬಾಟ್ಲಿ ಸಿಮೆಂಟು ನೆಲಕ್ಕೆ ಬಿತ್ತು. ಆ ಸದ್ದು ನನ್ನ ತಲೆಯೊಳಗೇ ಬಿದ್ದ ಹಾಗಾಯಿತು. ಎದ್ದವನೇ ಬೆತ್ತ ತೆಗೆದುಕೊಂಡು ಅವನ ಅಂಗೈಗೆ ಎರಡು ಕೊಟ್ಟೆ. ಹುಡುಗ ಅಳಲಿಲ್ಲ. ಬಾಟ್ಲಿ ಎತ್ತಿಕೊಂಡು ಕೂತ. ಬೀಳಿಸಿದವನು ಅವನಲ್ಲ, ಪಕ್ಕದವನ ಕೈ ತಾಗಿ ಬಿದ್ದದ್ದು ಎಂದು ಆಮೇಲೆ ಗೊತ್ತಾಯಿತು.

ಅಸರ್ ಕಳೆದ ಮೇಲೆ ಅವನ ಉಮ್ಮ ಸಣ್ಣ ಮಗುವನ್ನು ಎತ್ತಿಕೊಂಡು ಮದ್ರಸದ ಗೇಟಿನ ಹತ್ತಿರ ಬಂದು ನಿಂತರು. ಜಗಳಕ್ಕೇ ಬಂದದ್ದು ಎಂದು ತಿಳಿದು ನಾನು ತಲೆ ತಗ್ಗಿಸಿಕೊಂಡು ಹೋದೆ. ಅವರು ಹೇಳಿದ್ದು ಬೇರೆಯೇ. "ಉಸ್ತಾದರೇ, ನಿಮಗೆ ತಲೆನೋವು ಉಂಟಂತಲ್ಲ, ಮಗ ಹೇಳಿದ. ನನಗೂ ಉಂಟು. ನೋವು ಬಂದ ದಿನ ನಾನೂ ಮಕ್ಕಳಿಗೆ ಹೊಡೀತೇನೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅಳ್ತೇನೆ. ಸ್ವಲ್ಪ ನೀರು ಮಂತ್ರಿಸಿ ಕೊಡ್ತೀರಾ?" ಅಂತ ಒಂದು ಬಾಟ್ಲಿ ನೀರು ಮುಂದೆ ಹಿಡಿದರು.

ಓದಿ ಊದಿ ಕೊಟ್ಟೆ. ಅಷ್ಟು ಹೊತ್ತೂ ನನ್ನ ಅಂಗಿಯ ಕಿಸೆಯಲ್ಲಿ ತಲೆನೋವಿನ ಮಾತ್ರೆಯ ಶೀಟು ಇತ್ತು. ಆ ದಿನ ಅದರಿಂದ ಮೂರು ಮಾತ್ರೆ ಆಗಲೇ ಹೊಟ್ಟೆಗೆ ಹೋಗಿದ್ದವು. ದುಆದಲ್ಲಿ ನನಗೆ ಯಾವತ್ತೂ ಸಂಶಯ ಇಲ್ಲ. ಆದರೆ ನನ್ನ ನೋವಿಗೆ ಮಾತ್ರೆ, ಅವರ ನೋವಿಗೆ ಬರೀ ನೀರು, ಇದೆಂಥ ನ್ಯಾಯ ಎಂಬ ಪ್ರಶ್ನೆ ರಾತ್ರಿಯಿಡೀ ಮಲಗಲು ಬಿಡಲಿಲ್ಲ.

ಹನ್ನೆರಡು ವರ್ಷದ ತಿರುಗಾಟ

ನನಗೆ ಈ ನೋವು ದರ್ಸ್‌ನಲ್ಲಿ ಓದುವಾಗಲೇ ಇತ್ತು. ಆಗ ತಿಂಗಳಿಗೆ ಒಂದೋ ಎರಡೋ ಸಲ. ಮಲಯಾಳಿ ಸಹಪಾಠಿಗಳು ಅದನ್ನು 'ಚೆನ್ನಿಕುತ್ತು' ಎನ್ನುತ್ತಿದ್ದರು, ಕಪಾಲಕ್ಕೆ ಚುಚ್ಚುವ ನೋವು. ಕನ್ನಡದಲ್ಲಿ ಅರೆತಲೆನೋವು. ನಾವು ಓದುವ ಅರಬಿ ಕಿತಾಬುಗಳಲ್ಲಿ 'ಶಕೀಕ' ಎಂಬ ಪದ ಬರುತ್ತದೆ, ಅದರ ಮೂಲದಲ್ಲೂ ಅರ್ಧ ಎಂಬ ಅರ್ಥವೇ ಇದೆ. ಮೈಗ್ರೇನ್ ಎಂಬ ಇಂಗ್ಲಿಷ್ ಪದ ಕೂಡ 'ಅರ್ಧ ತಲೆಬುರುಡೆ' ಎಂಬ ಗ್ರೀಕ್ ಮಾತಿನಿಂದ ಬಂದದ್ದು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ಶಕೀಕದ ಬಗ್ಗೆ ಬರೆದಿದ್ದಾರೆ. ಇಷ್ಟು ಹಳೆಯ, ಇಷ್ಟು ಭಾಷೆಗಳಲ್ಲಿ ಹೆಸರಿರುವ ಕಾಯಿಲೆಗೆ ನಮ್ಮ ಮನೆಗಳಲ್ಲಿ ಇರುವ ಒಂದೇ ಹೆಸರು 'ಪಿತ್ತ'.

ನಾನೂ ಪಿತ್ತ ಎಂದೇ ನಂಬಿದ್ದೆ. ನೋವು ಏರಿ ಏರಿ ಕೊನೆಗೆ ವಾಂತಿಯಾಗುತ್ತದೆ, ಹಳದಿ ನೀರು ಹೋಗುತ್ತದೆ, ಆಮೇಲೆ ನಿದ್ದೆ, ನಿದ್ದೆಯಿಂದ ಏಳುವಾಗ ನೋವಿಲ್ಲ. ಪಿತ್ತ ಹೊರಗೆ ಹೋಯಿತು, ತಲೆ ಹಗುರವಾಯಿತು ಎಂದು ಯಾರಿಗಾದರೂ ಅನಿಸದೆ ಇರುತ್ತದಾ? ಲೆಕ್ಕ ಸರಿಯಾಗಿಯೇ ಇದೆ, ಉತ್ತರ ಮಾತ್ರ ತಪ್ಪು. ವೈದ್ಯರು ನಂತರ ವಿವರಿಸಿದ ಪ್ರಕಾರ ನೋವು ಹುಟ್ಟುವುದು ಹೊಟ್ಟೆಯಲ್ಲಿ ಅಲ್ಲ, ಮೆದುಳು ಮತ್ತು ಮುಖದ ಕಡೆ ಬರುವ ಟ್ರೈಜೆಮಿನಲ್ ಎಂಬ ನರದ ವ್ಯವಸ್ಥೆಯಲ್ಲಿ. ದಾಳಿ ಬಂದಾಗ ಹೊಟ್ಟೆಯ ಕೆಲಸವೂ ನಿಧಾನವಾಗುತ್ತದೆ. ಅದಕ್ಕೇ ವಾಂತಿ. ಅದಕ್ಕೇ ನೋವು ಏರಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲೇ ಕೂತಿರುತ್ತದೆ, ಕೆಲಸ ಮಾಡುವುದಿಲ್ಲ.

ಪಿತ್ತಕ್ಕೆ ಕಷಾಯ ಕುಡಿದೆ. ಕಣ್ಣಿನ ದೋಷ ಇರಬಹುದೆಂದು ಕನ್ನಡಕ ಹಾಕಿಸಿದೆ, ಈಗಲೂ ಹಾಕುತ್ತಿದ್ದೇನೆ, ಓದಲು ಒಳ್ಳೆಯದಾಯಿತು, ತಲೆನೋವು ಇದ್ದ ಹಾಗೇ ಇತ್ತು. ಸೈನಸ್ ಎಂದು ಒಬ್ಬರು ಮೂಗಿಗೆ ಹನಿ ಕೊಟ್ಟರು. ಸಿಟಿ ಸ್ಕ್ಯಾನ್ ಮಾಡಿಸಿದೆ, ಏನೂ ಇಲ್ಲ ಎಂದು ಬಂತು. ಏನೂ ಇಲ್ಲ ಎಂದರೆ ಸಂತೋಷ ಪಡಬೇಕು, ಆದರೆ ಮನೆಗೆ ಬಂದ ಮೇಲೆ "ಸ್ಕ್ಯಾನಲ್ಲೇ ಎಂತ ಇಲ್ವಂತೆ, ಮತ್ತೆಂತ ಇವರದ್ದು" ಎನ್ನುವ ಮಾತು ಶುರುವಾಯಿತು. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆ ಅಲ್ಲ. ರೋಗಿಯ ಮಾತು ಸರಿಯಾಗಿ ಕೇಳಿಯೇ ಅದನ್ನು ಗುರುತಿಸಬೇಕು. ಸ್ಕ್ಯಾನ್ ಮಾಡುವುದು ಬೇರೆ ಏನಾದರೂ ಇದೆಯೇ ಎಂದು ನೋಡಲಿಕ್ಕೆ. ಇದನ್ನು ಆಗ ಯಾರೂ ಹೇಳಲಿಲ್ಲ.

ಹಿಜಾಮವನ್ನೂ ಮಾಡಿಸಿದೆ. ಪ್ರವಾದಿಯವರು ಸಲ್ಲಲ್ಲಾಹು ಅಲೈಹಿ ವಸಲ್ಲಂ ಇಹ್ರಾಮಿನಲ್ಲಿದ್ದಾಗ ಶಕೀಕದ ಕಾರಣದಿಂದ ತಲೆಗೆ ಹಿಜಾಮ ಮಾಡಿಸಿಕೊಂಡ ವರದಿ ಸಹೀಹುಲ್ ಬುಖಾರಿಯಲ್ಲಿದೆ. ಈ ವರದಿ ನನಗೆ ಸಮಾಧಾನ ಕೊಟ್ಟಿದೆ. ತಲೆನೋವೆಂದು ಮಲಗುವುದು ಈಮಾನಿನ ಕೊರತೆ ಎನ್ನುವವರಿಗೆ ಇದನ್ನೇ ಹೇಳುತ್ತೇನೆ. ಹಿಜಾಮದ ನಂತರ ನನಗೆ ಒಂದು ವಾರ ಹಾಯೆನಿಸಿತು, ಮತ್ತೆ ಬಂತು. ಮಾಡಿಸುವವರು ಮಾಡಿಸಲಿ. ಆದರೆ ಹೊಸ ಬ್ಲೇಡು, ಶುದ್ಧ ಮಾಡಿದ ಕಪ್ಪು ಇದೆಯಾ ಎಂದು ಕಣ್ಣಾರೆ ನೋಡಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕೂರಬಾರದು.

ಇದೆಲ್ಲದರ ನಡುವೆ ಪ್ರತಿದಿನ ಕೈಹಿಡಿದದ್ದು ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆ. ಮೊದಲು ಒಂದು ನುಂಗಿದರೆ ನಿಲ್ಲುತ್ತಿತ್ತು. ಆಮೇಲೆ ಎರಡು. ಆಮೇಲೆ ನೋವು ಬರುವ ಮೊದಲೇ, ಬಂದರೆ ಕಷ್ಟ ಎಂದು, ಸುಬಹಿ ಮುಗಿಸಿ ಬಂದು ಚಹಾದ ಜೊತೆ ಒಂದು. ನನ್ನ ಲೆಕ್ಕದಲ್ಲಿ ಅದು ಜಾಗ್ರತೆ. ಮದುವೆ ಮನೆಗೆ ಹೋಗುವಾಗ, ಬಸ್ಸಿನಲ್ಲಿ ದೂರ ಹೋಗುವಾಗ, ಮೀಟಿಂಗಿನಲ್ಲಿ ಕೂರುವಾಗ ಎಲ್ಲ ಒಂದೊಂದು.

ಒಂದು ಹಾಳೆ

ಆ ತಾಯಿ ಬಂದು ಹೋದ ಮರುವಾರ ಮಂಗಳೂರಿಗೆ ಹೋಗಿ ನರರೋಗ ತಜ್ಞರೊಬ್ಬರನ್ನು ಕಂಡೆ. ಅವರು ತಲೆ ಮುಟ್ಟಿ ನೋಡುವುದಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರು. ಬೆಳಕು ಆಗುವುದಿಲ್ಲವಾ? ಸದ್ದು? ಮೆಟ್ಟಿಲು ಹತ್ತಿದರೆ ಹೆಚ್ಚಾಗುತ್ತದಾ? ಸುಜೂದಿಗೆ ಬಾಗಿದಾಗ ತಲೆ ಒಡೆದು ಹೋಗುವ ಹಾಗಾಗುತ್ತದೆ ಎಂದೆ. "ಅದು ಒಳ್ಳೆ ಗುರುತು" ಎಂದು ಬರೆದುಕೊಂಡರು. ಎಷ್ಟು ಗಂಟೆ ಇರುತ್ತದೆ? ನಾಲ್ಕು ಗಂಟೆಯಿಂದ ಹಿಡಿದು ಮೂರು ದಿನದವರೆಗೂ ಇರುವುದುಂಟಂತೆ, ನನ್ನದು ಒಂದು ದಿನ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಉಂಟಾ ಎಂದು ಕೇಳಿದರು. ಇಲ್ಲ ಡಾಕ್ಟ್ರೇ, ಯಾರಿಗೂ ಇಲ್ಲ ಎಂದೆ.

ಎರಡು ಮಾತ್ರೆ ಬರೆದು, ಒಂದು ಖಾಲಿ ಹಾಳೆ ಕೊಟ್ಟು, ಒಂದು ತಿಂಗಳು ದಿನಾ ಬರೆಯಿರಿ ಎಂದರು. ನೋವು ಬಂತಾ, ಎಷ್ಟು ಹೊತ್ತಿಗೆ, ಎಷ್ಟು ಜೋರು, ಯಾವ ಮಾತ್ರೆ, ಎಷ್ಟು ಗಂಟೆಗೆ ಮಲಗಿದ್ದು, ಎಷ್ಟು ಗಂಟೆಗೆ ತಿಂದದ್ದು. ನಾನು ಮಕ್ಕಳ ಹಾಜರಿ ಹಾಕುವವನು, ನನಗೆ ಇದೇನು ಕಷ್ಟ ಎಂದುಕೊಂಡೆ. ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿದಾಗ ನನ್ನ ಕೈಯೇ ನಡುಗಿತು. ಮೂವತ್ತು ದಿನದಲ್ಲಿ ಇಪ್ಪತ್ತೆರಡು ದಿನ ತಲೆನೋವು. ಅದರಲ್ಲಿ ಹತ್ತೊಂಬತ್ತು ದಿನ ಅಂಗಡಿಯ ಮಾತ್ರೆ.

ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು ಇದ್ದು, ಅದರಲ್ಲಿ ಕಡಿಮೆಯೆಂದರೆ 8 ದಿನ ಮೈಗ್ರೇನಿನ ಲಕ್ಷಣ ಇದ್ದು, ಹೀಗೆ ಮೂರು ತಿಂಗಳು ದಾಟಿದರೆ ಅದಕ್ಕೆ ಕ್ರಾನಿಕ್ ಮೈಗ್ರೇನ್, ಅಂದರೆ ಹಳೆ ಬಿದ್ದ ಮೈಗ್ರೇನ್ ಎನ್ನುತ್ತಾರೆ. ನನ್ನದು ಹಾಗಾಗಿತ್ತು. ಅದು ಹಾಗಾಗುವುದರಲ್ಲಿ ನಾನು ಜಾಗ್ರತೆಗೆಂದು ನುಂಗಿದ ಮಾತ್ರೆಯ ಪಾಲು ದೊಡ್ಡದಿತ್ತು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಎರಡು ಮೂರು ಮದ್ದು ಬೆರೆಸಿದ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ಹುಟ್ಟಿಸಲು ಶುರು ಮಾಡುತ್ತದೆ. ಮಾತ್ರೆಯ ಗುಣ ಇಳಿದಾಗ ನೋವು, ನೋವಿಗೆ ಪುನಃ ಮಾತ್ರೆ. ಬಾವಿಯ ರಾಟೆಯ ಹಾಗೆ ಒಂದು ಇಳಿದರೆ ಇನ್ನೊಂದು ಏರುತ್ತದೆ. ಎಷ್ಟೋ ಮನೆಗಳಲ್ಲಿ ಅಕ್ಕಿ ಡಬ್ಬದ ಮೇಲೆ ಇಂಥ ಮಾತ್ರೆಯ ಶೀಟು ಇಟ್ಟಿರುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ಹಾಳೆ ಇನ್ನೊಂದು ಸಂಗತಿಯನ್ನೂ ಹೇಳಿತು. ನಾನು ಜೋರು ನೋವಿಗೆ ಅಡಿಗೆರೆ ಎಳೆದಿದ್ದೆ. ಆ ತಿಂಗಳ ನಾಲ್ಕು ಶುಕ್ರವಾರಗಳಿಗೂ ಅಡಿಗೆರೆ! ನನಗೆ ಕಾರಣ ಗೊತ್ತಿದೆ ಎಂದೆ. ಶುಕ್ರವಾರ ಜುಮಾಕ್ಕೆ ಎಲ್ಲರೂ ಅತ್ತರ್ ಹಾಕಿಕೊಂಡು ಬರುತ್ತಾರೆ, ಗಲ್ಫಿನಿಂದ ರಜೆಯಲ್ಲಿ ಬಂದವರು ಪಕ್ಕದಲ್ಲಿ ನಿಂತರೆ ಊದಿನ ಪರಿಮಳಕ್ಕೆ ನನ್ನ ಹೊಟ್ಟೆ ತೊಳಸುತ್ತದೆ. (ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬಾರದೆಂಬುದನ್ನು ಎಲ್ಲರಿಗೂ ಹೇಳಿಕೊಟ್ಟವನು ನಾನು. ಅತ್ತರ್ ಸ್ವಲ್ಪ ಕಡಿಮೆ ಹಾಕಿ ಎಂದು ಹೇಳಲು ಮಾತ್ರ ನಾಲಿಗೆ ಬರುವುದಿಲ್ಲ.) ವೈದ್ಯರು ಹಾಳೆ ನೋಡಿ, "ನೋವು ಶುರುವಾದದ್ದು ಹತ್ತು ಗಂಟೆಗೆ ಅಂತ ಬರ್ದಿದ್ದೀರಿ. ಜುಮಾ ಎಷ್ಟು ಗಂಟೆಗೆ?" ಎಂದು ಕೇಳಿದರು. ನಾನು ಸುಮ್ಮನಾದೆ.

ಶುಕ್ರವಾರ ಮದ್ರಸಕ್ಕೆ ರಜೆ. ಸುಬಹಿ ಕಳೆದು ಪುನಃ ಮಲಗಿದರೆ ಏಳುವುದು ಒಂಬತ್ತಕ್ಕೆ. ಉಳಿದ ದಿನ ಆರು ಗಂಟೆಗೆ ಕುಡಿಯುವ ಚಹಾ ಆ ದಿನ ಒಂಬತ್ತೂವರೆಗೆ. ಮಧ್ಯಾಹ್ನ ಹೇಗೂ ನೈಚೋರು ಉಂಟಲ್ಲ ಎಂದು ಬೆಳಿಗ್ಗೆ ಏನೂ ತಿನ್ನುವುದಿಲ್ಲ. ಹೆಚ್ಚು ನಿದ್ದೆ, ತಡವಾದ ಚಹಾ, ಹಸಿದ ಹೊಟ್ಟೆ. ಅಷ್ಟರಲ್ಲಿ ಅರ್ಧ ಏರಿದ ನೋವಿಗೆ ಅತ್ತರ್ ಕೊನೆಯ ಪೆಟ್ಟು ಕೊಡುತ್ತಿತ್ತು ಅಷ್ಟೆ. ಮೈಗ್ರೇನ್ ಇರುವವರ ಮೆದುಳಿಗೆ ಬದಲಾವಣೆ ಹಿಡಿಸುವುದಿಲ್ಲ ಎಂದರು ವೈದ್ಯರು. ನಿದ್ದೆ ಕಡಿಮೆಯಾದರೂ ಆಗದು, ಹೆಚ್ಚಾದರೂ ಆಗದು. ಊಟ ತಪ್ಪಬಾರದು. ಚಹಾ ಕಾಫಿ ಬಿಡಬೇಕೆಂದಿಲ್ಲ, ಆದರೆ ದಿನಾ ಒಂದೇ ಅಳತೆ, ಒಂದೇ ಹೊತ್ತು. ವಾರವಿಡೀ ದುಡಿದು ರಜೆಯ ದಿನ ತಲೆ ಹಿಡಿದುಕೊಂಡು ಮಲಗುವವರು ಬೇರೆ ಕೆಲಸದಲ್ಲೂ ಬಹಳ ಮಂದಿ ಇದ್ದಾರಂತೆ, ಅವರಿಗೆ ಭಾನುವಾರ, ನಮಗೆ ಶುಕ್ರವಾರ.

ಉಮ್ಮನ ಬಟ್ಟೆ

ಮೊದಲ ದಿನ ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸು ಪಂಪ್‌ವೆಲ್ ದಾಟಿತ್ತು. ಆಗ ನೆನಪಾಯಿತು. ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದೆನಲ್ಲ, ಉಮ್ಮನಿಗೆ ಇತ್ತು! ನನ್ನ ಬಾಲ್ಯವಿಡೀ ಇತ್ತು. ಹಳೆಯ ತಟ್ಟವನ್ನು ಹಗ್ಗದ ಹಾಗೆ ತಿರುಚಿ ಹಣೆಗೆ ಬಿಗಿದು ಕಟ್ಟಿಕೊಂಡು ಉಮ್ಮ ಬೀಡಿ ಸುರುಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ. ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ. ನೋವು ತಡೆಯದಾದಾಗ ಮೊರವನ್ನು ಪಕ್ಕಕ್ಕೆ ಸರಿಸಿ, ಕಟ್ಟಿಗೆ ಇಡುವ ಕತ್ತಲೆ ಕೋಣೆಗೆ ಹೋಗಿ ನೆಲದಲ್ಲಿ ಮಲಗುತ್ತಿದ್ದರು. ವಾಂತಿ ಮಾಡಿ ಮುಖ ತೊಳೆದು ಬಂದು ಪುನಃ ಕೂರುತ್ತಿದ್ದರು. ಶನಿವಾರ ಬ್ರಾಂಚಿಗೆ ಕೊಡುವ ಬೀಡಿಯ ಕಟ್ಟು ಕೆಲವು ವಾರ ಸಣ್ಣದಿರುತ್ತಿತ್ತು. ಯಾಕೆಂದು ನಮಗೆ ಮಕ್ಕಳಿಗೆ ಗೊತ್ತಿರಲಿಲ್ಲ. ಮನೆಯ ದೊಡ್ಡವರು "ಅವಳಿಗೆ ಕೆಲಸ ಜಾಸ್ತಿ ಆಗುವಾಗ ತಲೆನೋವು ಬರ್ತದೆ" ಎಂದು ನಗುತ್ತಿದ್ದರು. ನಾವೂ ನಕ್ಕಿದ್ದೇವೆ.

ನನ್ನ ನೋವಿಗೆ ಸ್ಕ್ಯಾನು ನಡೆಯಿತು, ಕನ್ನಡಕ ಬಂತು, ತಜ್ಞರು ಸಿಕ್ಕಿದರು. ಉಮ್ಮನ ನೋವು ನಮ್ಮ ಮನೆಯಲ್ಲಿ ಕಾಯಿಲೆ ಎಂದೇ ಲೆಕ್ಕಕ್ಕೆ ಬಂದಿರಲಿಲ್ಲ. ಹಾಗಾಗಿ ವೈದ್ಯರು ಕೇಳಿದಾಗ ನನಗೆ ನೆನಪೂ ಆಗಲಿಲ್ಲ. ಮನೆಗೆ ಬಂದು ಕೇಳಿದೆ. "ಅದು ಪಿತ್ತ ಮಗಾ. ಐವತ್ತು ಕಳೆದ ಮೇಲೆ ತನ್ನಿಂದ ತಾನೇ ಹೋಯ್ತು" ಎಂದರು. ಮುಟ್ಟು ನಿಂತ ಮೇಲೆ ಅನೇಕ ಹೆಂಗಸರಲ್ಲಿ ಮೈಗ್ರೇನ್ ಕಡಿಮೆಯಾಗುತ್ತದೆ. ಉಮ್ಮ ಮೂವತ್ತು ವರ್ಷ ಅದಕ್ಕೇ ಕಾದು ಕೂತಂತೆ ಆಯಿತು.

ಇದು ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಾಲು ಹೆಚ್ಚು. ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಜೋರಾಗುವುದು ಸಾಮಾನ್ಯ, ಗರ್ಭಿಣಿಯಾಗಿರುವಾಗ ಕೆಲವರಿಗೆ ಕಡಿಮೆಯಾಗುವುದೂ ಉಂಟು. ನಿಮ್ಹಾನ್ಸ್‌ನ ತಜ್ಞರೂ ಸೇರಿ ಬೆಂಗಳೂರಿನ ನಗರ ಮತ್ತು ಹಳ್ಳಿ ಭಾಗದ ಮನೆಗಳಿಗೆ ಹೋಗಿ ನಡೆಸಿದ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಬಂದವರು ನೂರಕ್ಕೆ ಸುಮಾರು 25 ಮಂದಿ ಎಂದು ಅದರಲ್ಲಿದೆ. ನಾಲ್ವರಲ್ಲಿ ಒಬ್ಬರು. ನಮ್ಮ ಮೊಹಲ್ಲಾದಲ್ಲಿ ನಾಲ್ಕು ಮನೆಗೆ ಹೋದರೆ ಎಷ್ಟು ಅಡುಗೆಮನೆಯಲ್ಲಿ ಹಣೆಗೆ ಬಟ್ಟೆ ಬಿಗಿದವರು ಸಿಗುತ್ತಾರೆ ಎಂದು ಎಣಿಸಿಕೊಳ್ಳಿ.

ಮದ್ದಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎರಡು ಬಗೆಯ ಮದ್ದು ಬೇರೆ ಬೇರೆ ಎಂಬುದು ನನಗೆ ಹನ್ನೆರಡು ವರ್ಷ ಗೊತ್ತಿರಲಿಲ್ಲ. ಒಂದು, ನೋವು ಬಂದಾಗ ತೆಗೆದುಕೊಳ್ಳುವುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಅದಕ್ಕೂ ಬಗ್ಗದಿದ್ದರೆ ಸುಮಾಟ್ರಿಪ್ಟಾನ್‌ನಂತಹ ಮೈಗ್ರೇನಿಗೆಂದೇ ಇರುವ ಮದ್ದು, ಜೊತೆಗೆ ಬೇಕಾದರೆ ವಾಂತಿ ತಡೆಯುವ ಮಾತ್ರೆ. ಇವನ್ನು ನೋವು ಏರುವ ಮೊದಲು, ಶುರುವಿನಲ್ಲೇ ತೆಗೆದುಕೊಳ್ಳಬೇಕು, ಆದರೆ ವಾರಕ್ಕೆ ಎರಡು ದಿನ ಮೀರಬಾರದು. ಹೃದಯದ ಕಾಯಿಲೆ ಇರುವವರಿಗೆ ಸುಮಾಟ್ರಿಪ್ಟಾನ್ ಆಗದು. ಇನ್ನೊಂದು, ನೋವಿರಲಿ ಇಲ್ಲದಿರಲಿ ದಿನಾ ತೆಗೆದುಕೊಂಡು ದಾಳಿಯನ್ನೇ ಕಡಿಮೆ ಮಾಡುವ ಮದ್ದು. ನನಗೆ ಪ್ರೊಪ್ರನೊಲೊಲ್ ಕೊಟ್ಟರು. ಅದು ಬಿಪಿಗೂ ಕೊಡುವ ಮದ್ದು, ದಮ್ಮು ಇರುವವರು ತೆಗೆದುಕೊಳ್ಳಬಾರದು. ಬೇರೆಯವರಿಗೆ ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್, ಟೊಪಿರಾಮೇಟ್ ಹೀಗೆ ಅವರವರ ದೇಹಕ್ಕೆ ತಕ್ಕಂತೆ ಕೊಡುತ್ತಾರೆ. ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇವುಗಳಲ್ಲಿ ಕೆಲವು ಆಗುವುದಿಲ್ಲ. ಆದ್ದರಿಂದ ನನ್ನ ಮಾತ್ರೆಯ ಹೆಸರು ಓದಿ ಅಂಗಡಿಗೆ ಹೋಗಬೇಡಿ. ಸಿಜಿಆರ್‌ಪಿ ಎಂಬ ವಸ್ತುವನ್ನು ತಡೆಯುವ ಹೊಸ ಇಂಜೆಕ್ಷನ್‌ಗಳೂ 2018ರಿಂದ ಬಂದಿವೆ, ಅವು ನಮ್ಮಂಥವರ ಕಿಸೆಗೆ ಇನ್ನೂ ದೂರ. ಹಳೆಯ ಮದ್ದುಗಳು ಹಾಗಲ್ಲ. ಜನೌಷಧಿ ಕೇಂದ್ರದಲ್ಲಿ ಸಿಗುತ್ತದಾ ಎಂದು ಕೇಳಿದರೆ ಇನ್ನೂ ಕಡಿಮೆಗೆ ಆಗಬಹುದು.

ದಿನಾ ತೆಗೆದುಕೊಳ್ಳುವ ಮಾತ್ರೆ ಒಂದು ವಾರದಲ್ಲಿ ಫಲ ಕೊಡುವುದಿಲ್ಲ. ಒಂದೆರಡು ತಿಂಗಳು ಕಾಯಬೇಕು. ಹೆಚ್ಚಿನವರು ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಾರೆ.

ಅಂಗಡಿಯ ಮಾತ್ರೆ ನಿಲ್ಲಿಸಿದ್ದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಮದ್ರಸದ ವಾರ್ಷಿಕ ರಜೆ ನೋಡಿ ನಿಲ್ಲಿಸಿದೆ. ಮೊದಲ ಒಂಬತ್ತು ದಿನ ನೋವು ಹಿಂದೆಂದಿಗಿಂತ ಹೆಚ್ಚಾಯಿತು. ಹೆಚ್ಚಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು, ಆದರೂ ನಾಲ್ಕನೇ ದಿನ ರಾತ್ರಿ ಮಾತ್ರೆ ಹುಡುಕುತ್ತಾ ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ಕೆಳಗೆ ಹಾಕಿದ್ದೆ. ಮನೆಯವಳು ಮೊದಲೇ ಎಲ್ಲ ತೆಗೆದು ನೆರೆಮನೆಗೆ ಕೊಟ್ಟಿದ್ದಳು. "ಬೈದ್ರೂ ಅಡ್ಡಿಲ್ಲ, ಕೊಡುದಿಲ್ಲ" ಎಂದಳು. ಬೈದೆ. ಹತ್ತನೇ ದಿನ ಬೆಳಿಗ್ಗೆ ಎದ್ದಾಗ ತಲೆ ಇದೆ ಎಂಬುದೇ ಗೊತ್ತಾಗಲಿಲ್ಲ. ತುಂಬಾ ವರ್ಷಗಳ ಮೇಲೆ ಹಾಗೆ ಆದದ್ದು.

ನೋಂಬಿನ ತಿಂಗಳು

ರಮಝಾನಿನ ಬಗ್ಗೆ ಈ ಪುಟದ ಓದುಗರು ಖಂಡಿತ ಕೇಳುತ್ತಾರೆ. ಕರಾವಳಿಯ ಸೆಕೆ, ಹದಿಮೂರು ಗಂಟೆ ನೀರಿಲ್ಲ, ತರಾವೀಹ್ ಮುಗಿಸಿ ಮಲಗುವಾಗ ತಡ, ಸಹರಿಗೆ ಏಳುವುದು ಬೇಗ, ಬೆಳಗ್ಗಿನ ಚಹಾ ಇಲ್ಲ. ಮೈಗ್ರೇನಿಗೆ ಬೇಕಾದದ್ದೆಲ್ಲ ಒಟ್ಟಿಗೆ ಸಿಗುತ್ತದೆ. ಮೊದಲ ಮೂರು ನಾಲ್ಕು ದಿನದ ತಲೆನೋವಿನಲ್ಲಿ ಚಹಾ ತಪ್ಪಿದ್ದರ ಪಾಲು ದೊಡ್ಡದು. ಹಾಗಾಗಿ ಶಅಬಾನಿನ ಕೊನೆಯಲ್ಲೇ ದಿನಕ್ಕೆ ಅರ್ಧ ಲೋಟದಂತೆ ಚಹಾ ಕಡಿಮೆ ಮಾಡುತ್ತಾ ಬಂದೆ. ದಿನದ ಮಾತ್ರೆಯನ್ನು ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಸರಿಹೊಂದಿಸಲು ವೈದ್ಯರನ್ನು ಮೊದಲೇ ಕೇಳಿದೆ. ಸಹರಿ ಬಿಟ್ಟು ನೋಂಬು ಹಿಡಿಯುವ ಪೌರುಷ ಬಿಟ್ಟೆ. ಕರಿದದ್ದನ್ನು ಕಡಿಮೆ ಮಾಡಿ, ಇಫ್ತಾರಿನಿಂದ ಮಲಗುವವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿದೆ. ಲುಹರ್ ಕಳೆದು ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಮಲಗಿದೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಮಧ್ಯಾಹ್ನ ಮೂರಕ್ಕೆ ನೋಂಬು ಬಿಡಬೇಕಾಯಿತು. ಮದ್ರಸದ ಉಸ್ತಾದ್ ನೋಂಬು ಬಿಟ್ಟದ್ದು ಯಾರಿಗಾದರೂ ಗೊತ್ತಾದರೆ ಏನೆನ್ನುತ್ತಾರೋ ಎಂದು ಬಾಗಿಲು ಹಾಕಿಕೊಂಡು ನೀರು ಕುಡಿದೆ. ರೋಗಿಗೆ ನೋಂಬು ಬಿಡುವ ಅನುಮತಿ ಇದೆ, ಆಮೇಲೆ ಖಳಾ ಹಿಡಿಯಬೇಕು ಎಂದು ಪ್ರತಿವರ್ಷ ಮಕ್ಕಳಿಗೆ ಕಲಿಸುವವನು ನಾನೇ. ಎದ್ದು ನಿಲ್ಲಲಾಗದವನು ಕೂತು ನಮಾಝ್ ಮಾಡಬಹುದು, ರೋಗಿಗೆ ಜಮಾಅತಿಗೆ ಹೋಗದಿರಲು ವಿನಾಯಿತಿ ಇದೆ, ಇದೂ ಅದೇ ಪಾಠದಲ್ಲಿದೆ. ಕಲಿಸುವಾಗ ಅದು ಬೇರೆ ಯಾರಿಗೋ ಇರುವ ಮಸ್‌ಅಲ ಎಂದುಕೊಂಡಿದ್ದೆ. ಈದ್ ಕಳೆದು ಒಂದು ಗುರುವಾರ ಖಳಾ ಹಿಡಿದೆ.

ಬಾಗಿಲು ಹಾಕಿಕೊಂಡದ್ದನ್ನು ಒಬ್ಬಳು ನೋಡಿದ್ದಳು. ಒಂಬತ್ತನೇ ತರಗತಿಯಲ್ಲಿರುವ ಮಗಳು. ಅದೇ ರಾತ್ರಿ ಬಂದು ಪಕ್ಕದಲ್ಲಿ ಕೂತು, "ಉಪ್ಪಾ, ನಂಗೂ ಹಾಗೆ ಆಗ್ತದೆ" ಎಂದಳು. ಕಣ್ಣ ಮುಂದೆ ಮೊದಲು ಗರಗಸದ ಹಲ್ಲಿನ ಹಾಗೆ ಬೆಳಕು ಮಿನುಗುತ್ತದೆ, ಪುಸ್ತಕದ ಅಕ್ಷರ ಅರ್ಧ ಕಾಣುವುದಿಲ್ಲ, ಇಪ್ಪತ್ತು ನಿಮಿಷ ಕಳೆದು ಅದು ಹೋಗಿ ತಲೆನೋವು. ಹಿಂದಿನ ವರ್ಷದಿಂದ ಉಂಟಂತೆ. ಯಾಕೆ ಹೇಳಲಿಲ್ಲ ಎಂದರೆ, "ಉಮ್ಮಮ್ಮ ಹೇಳಿದ್ರು, ಹೆಣ್ಣುಮಕ್ಕಳು ತಲೆನೋವು ಅಂತ ಹೇಳಿಕೊಂಡು ತಿರುಗಬಾರದು, ನಾಳೆ ಮದುವೆ ಮಾತು ಬರುವಾಗ ಕಷ್ಟ ಅಂತ." ನೋವು ಬಂದ ಎರಡು ದಿನ ವಾಂತಿ ಮಾಡಿಯೂ ಅವಳು ನೋಂಬು ಬಿಟ್ಟಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಕಟ್ಟಿಗೆಯ ಕೋಣೆ ಈಗ ನಮ್ಮ ಮನೆಯಲ್ಲಿ ಇಲ್ಲ, ಇವಳು ಬಟ್ಟೆ ಇಡುವ ಕೋಣೆಗೆ ಹೋಗಿದ್ದಳು.

ನನಗೆ ಉಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವರು ತಮಗೆ ಯಾರೋ ಹೇಳಿದ್ದನ್ನೇ ಮೊಮ್ಮಗಳಿಗೆ ಹೇಳಿದ್ದಾರೆ.

ಮಗಳನ್ನು ಅದೇ ವೈದ್ಯರಲ್ಲಿಗೆ ಕರೆದುಕೊಂಡು ಹೋದೆ, ಈ ಸಲ ಕುಟುಂಬದಲ್ಲಿ ಯಾರಿಗೆ ಉಂಟು ಎಂದು ಕೇಳಿದಾಗ ಮೂರು ತಲೆಮಾರು ಹೇಳಿದೆ. ನೋವಿಗೆ ಮೊದಲು ಕಾಣುವ ಆ ಬೆಳಕಿಗೆ ಆರಾ ಎನ್ನುತ್ತಾರೆ. ಆರಾ ಇರುವ ಹೆಣ್ಣುಮಕ್ಕಳು ಮದುವೆಯಾದ ಮೇಲೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಆದ್ದರಿಂದ ಮುಂದೆ ಯಾವ ವೈದ್ಯರನ್ನು ಕಂಡರೂ ಇದನ್ನು ಹೇಳಲೇಬೇಕು ಎಂದು ಅವರು ಅವಳ ಉಮ್ಮನಿಗೆ ತಿಳಿಸಿದರು. ಮುಚ್ಚಿಟ್ಟರೆ ಮದುವೆಗೆ ಒಳ್ಳೆಯದು ಎಂಬ ಲೆಕ್ಕ ಎಲ್ಲಿಗೆ ಮುಟ್ಟಬಹುದು ನೋಡಿ. ಅವಳಿಗೆ ದಿನದ ಮಾತ್ರೆ ಕೊಡಲಿಲ್ಲ. ತಿಂಗಳಿಗೆ ಎರಡೇ ಸಲ ಬರುವುದರಿಂದ ಸದ್ಯಕ್ಕೆ ನಿದ್ದೆ, ಊಟ, ನೀರು ಮತ್ತು ಶುರುವಿನಲ್ಲೇ ಒಂದು ಮಾತ್ರೆ. ಮತ್ತೆ ಒಂದು ಹಾಳೆ.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ ಎಂಬುದನ್ನೂ ಬರೆಯಲೇಬೇಕು. ಜೀವನದಲ್ಲಿ ಕಾಣದಂಥ ನೋವು ಸಿಡಿಲಿನ ಹಾಗೆ ಒಮ್ಮೆಲೇ ಬಂದರೆ, ಜ್ವರದ ಜೊತೆ ಕುತ್ತಿಗೆ ಗಟ್ಟಿಯಾದರೆ, ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ, ತಲೆಗೆ ಪೆಟ್ಟಾದ ಮೇಲೆ ಬಂದರೆ, ಗರ್ಭಿಣಿಗೆ ಜೋರಾಗಿ ಬಂದರೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಹಾಳೆ ಬರೆಯುತ್ತಾ ಕೂರಬಾರದು. ಉಸ್ತಾದರ ಹತ್ತಿರವೂ ಬರಬಾರದು. ನೇರ ಆಸ್ಪತ್ರೆಗೆ ಹೋಗಬೇಕು.

ನನ್ನ ಕಾಯಿಲೆ ಗುಣವಾಗಿಲ್ಲ. ಇಪ್ಪತ್ತೆರಡು ದಿನ ಇದ್ದದ್ದು ಈಗ ತಿಂಗಳಿಗೆ ಐದಾರು ದಿನಕ್ಕೆ ಇಳಿದಿದೆ. ಶುಕ್ರವಾರವೂ ಆರೂವರೆಗೆ ಚಹಾ, ಎಂಟಕ್ಕೆ ರೊಟ್ಟಿ. ತರಗತಿಯಲ್ಲಿ ಮಿನುಗುತ್ತಿದ್ದ ಟ್ಯೂಬ್‌ಲೈಟ್ ಬದಲಿಸಿದ್ದೇವೆ. ಜಮಾಅತಿನ ಅಧ್ಯಕ್ಷರಿಗೆ ವಿಷಯ ಹೇಳಿದ್ದೇನೆ, ಜೋರು ನೋವಿನ ದಿನ ಇನ್ನೊಬ್ಬ ಉಸ್ತಾದರು ನನ್ನ ತರಗತಿ ನೋಡಿಕೊಳ್ಳುತ್ತಾರೆ. ಬೆತ್ತ ತರಗತಿಯಲ್ಲಿ ಇಲ್ಲ. ಅದನ್ನು ನಾನು ಆ ಹುಡುಗನ ಉಮ್ಮ ಬಂದುಹೋದ ಮರುದಿನವೇ ಮನೆಗೆ ತಂದಿದ್ದೆ.

ಆ ತಾಯಿಯನ್ನು ಮರುದಿನ ಹುಡುಗನ ಮೂಲಕವೇ ಕರೆಸಿ ಕ್ಷಮೆ ಕೇಳಿದೆ. ವೈದ್ಯರನ್ನು ಕಂಡು ಬಂದ ಮೇಲೆ ನನ್ನ ಹಾಳೆಯನ್ನು ಝೆರಾಕ್ಸ್ ಮಾಡಿ ಅವರ ಮನೆಗೆ ಕಳುಹಿಸಿದೆ. ಓದು ಅಷ್ಟಾಗಿ ಬಾರದು ಎಂದರಂತೆ, ಹಾಗಾಗಿ ನೋವು ಬಂದ ದಿನ ಕ್ಯಾಲೆಂಡರಿನಲ್ಲಿ ಒಂದು ಕಡ್ಡಿ, ಮಾತ್ರೆ ನುಂಗಿದ ದಿನ ಎರಡು ಕಡ್ಡಿ ಎಳೆಯಲು ಮಗನಿಗೆ ಕಲಿಸಿದೆ. ಎರಡು ತಿಂಗಳಾದ ಮೇಲೆ ಅವರು ಆ ಕ್ಯಾಲೆಂಡರನ್ನೇ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸರಕಾರಿ ಆಸ್ಪತ್ರೆಗೆ ಹೋದರು. ಈಗಲೂ ಆಗಾಗ ನೀರಿನ ಬಾಟ್ಲಿ ಕಳುಹಿಸುತ್ತಾರೆ, ನಾನು ಓದಿ ಕೊಡುತ್ತೇನೆ. ಬಾಟ್ಲಿ ತರುವ ಹುಡುಗನನ್ನು ಈ ತಿಂಗಳು ಎಷ್ಟು ಕಡ್ಡಿ ಎಂದು ಕೇಳುತ್ತೇನೆ. ಮೊನ್ನೆ ಕೇಳಿದಾಗ "ಏಳು" ಎಂದ. ಆಮೇಲೆ ನನ್ನ ಮುಖವನ್ನೇ ನೋಡಿ, "ಉಸ್ತಾದ್, ನಿಮ್ಮದೆಷ್ಟು?" ಎಂದು ಕೇಳಿದ.